ಚಿತ್ರದಿಂದ ತೆಗೆದ ಅತ್ತಿಗೆ

ಹನುಮಂತನಪಟ್ಟಿ
೧೯-೮-೧೯೯೮, ಬುಧವಾರ

ಅತ್ತಿಗೆ ಚೆಲ್ಲಮ್ಮಾಳಿಗೆ ನಿನ್ನ ನಾದಿನಿ ಪೇಚ್ಚಿ ಬರೆಯುವುದು,

ಕಾಗದ ಯಾರದೆಂದು ಗೊತ್ತಾದ ಕೂಡಲೇ ಹರಿದು ಹಾಕಬೇಡ. ನಮ್ಮ ಮನೆಯ ಕನ್ನಡ ಮಾತನ್ನು ತಮಿಳು ಅಕ್ಷರದಲ್ಲಿ ಬರೆದಿದ್ದೇನೆ, ನನಗೆ ಬರುವುದು ಅದೊಂದೇ. ಬಾಯಿಬಿಟ್ಟು ಓದು, ಅರ್ಥವಾಗುತ್ತದೆ. ಮೂವತ್ತೇಳು ವರ್ಷ ಮಾತಿಲ್ಲದೆ ಕಳೆದವಳು ಈಗ ಯಾಕೆ ಬರೆಯುತ್ತಿದ್ದಾಳೆ ಅನ್ನಬೇಡ. ಹೊಟ್ಟೆ ಉರಿಯುತ್ತಿದೆ, ಇನ್ಯಾರ ಹತ್ತಿರ ಹೇಳಲಿ?

ಹೋದ ವಾರ ನನ್ನ ಮಗ ರಾಮ್‌ಕುಮಾರ್ ದ್ರಾಕ್ಷಿ ಲಾರಿಯ ಜೊತೆ ದಿಂಡಿಗಲ್‌ಗೆ ಹೋಗಿದ್ದ. ಬಂದವನು ಕೈಕಾಲು ಕೂಡ ತೊಳೆಯದೆ, ಅಮ್ಮಾ, ಚಿತ್ರಶಾಲೆಯಲ್ಲಿ ನಿನ್ನ ಚಿತ್ರದ ಪಕ್ಕ ಇನ್ನೊಂದನ್ನು ತೂಗುಹಾಕಿದ್ದಾರೆ, ಅದರಲ್ಲಿ ನಿನ್ನ ಜೊತೆ ಇರುವ ಹೆಂಗಸು ಯಾರು ಅಂತ ಕೇಳಿದ. ಮೊದಲು ಊಟ ಮಾಡು ಅಂತ ಮಾತು ತಿರುಗಿಸಿದೆ.

ಯಾವ ಚಿತ್ರವೆಂದು ನಿನಗೆ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಕಂದಸಾಮಿ ವಾದ್ಯಾರ್ ನಮ್ಮ ತೋಟಕ್ಕೆ ಬಂದು, ದ್ರಾಕ್ಷಿ ಚಪ್ಪರದ ಕೆಳಗೆ ನಮ್ಮಿಬ್ಬರನ್ನೂ ನಿಲ್ಲಿಸಿ ಬರೆದದ್ದು. ಅಣ್ಣ ತೀರಿಹೋಗಿ ಆಗ ಒಂದು ವರ್ಷ ತುಂಬಿರಲಿಲ್ಲ. ನಿನಗೆ ಹತ್ತೊಂಬತ್ತು, ನನಗೆ ಇಪ್ಪತ್ತು. ವಾದ್ಯಾರ್ ತೀರಿಕೊಂಡ ಮೇಲೆ ಅವರ ಹೆಂಡತಿ ಮನೆಯಲ್ಲಿದ್ದ ಚಿತ್ರಗಳನ್ನೆಲ್ಲ ನಗರಸಭೆಯ ಆ ಚಿತ್ರಶಾಲೆಗೆ ಕೊಟ್ಟುಬಿಟ್ಟರು. ‘ದ್ರಾಕ್ಷಿ ಕೀಳುವವಳು’ ಅಂತ ಹೆಸರು ಹಾಕಿ, ಮೆಟ್ಟಿಲ ಪಕ್ಕದ ಕತ್ತಲೆಯಲ್ಲಿ ತೂಗುಹಾಕಿದ್ದರು. ಯಾರೂ ನೋಡುತ್ತಿರಲಿಲ್ಲ. ಹಾಗೇ ಇದ್ದಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?

ಈಗ ಅಭಿರಾಮಿ ಅಂತ ಹೊಸ ಅಧಿಕಾರಿ ಬಂದಿದ್ದಾಳೆ. ಮೂವತ್ತು ವಯಸ್ಸಿರಬಹುದು. ಹೊಸ ಚಿತ್ರ ಕೊಳ್ಳುವುದು ಬೇಡ, ಇದ್ದದ್ದನ್ನೇ ಜನ ಹೊಸದಾಗಿ ನೋಡಲಿ ಅಂತ ಅವಳ ಯೋಚನೆ. ಉಗ್ರಾಣದಲ್ಲಿ ಕಟ್ಟು ಕಟ್ಟಿಟ್ಟಿದ್ದ ಹಳೇ ಕಾಗದಗಳನ್ನೆಲ್ಲ ಬಿಡಿಸಿ, ಒಂದೊಂದು ಚಿತ್ರದ ಪಕ್ಕದಲ್ಲೂ ಅದಕ್ಕಾಗಿ ಮೊದಲು ಪೆನ್ಸಿಲಿನಲ್ಲಿ ಬರೆದದ್ದನ್ನು ಹಾಕಿಸಿದ್ದಾಳೆ.

ನಿನ್ನೆ ಬೆಳಗಿನ ಬಸ್ಸಿಗೆ ನಾನೇ ಹೊರಟೆ. ಬಸ್ಸು ಚಿನ್ನಮನೂರಿನಲ್ಲಿ ಹತ್ತು ನಿಮಿಷ ನಿಂತಿತ್ತು. ನಿನ್ನ ಬೀದಿ ಯಾವ ಕಡೆ ಅಂತ ಗೊತ್ತು. ಇಳಿಯಲಿಲ್ಲ.

ಅಲ್ಲಿ ಹೋಗಿ ನೋಡಿದೆ, ಅತ್ತಿಗೆ. ಪೆನ್ಸಿಲಿನ ಕಾಗದದಲ್ಲಿ ನೀನಿದ್ದೀಯ. ಬುಟ್ಟಿಯ ಒಂದು ಹಿಡಿ ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಾನೇನೋ ಹೇಳಿದ್ದಕ್ಕೆ ನಗು ತಡೆದುಕೊಂಡು ನಿಂತಿದ್ದೀಯ. ಪಕ್ಕದಲ್ಲೇ ಬಣ್ಣದ ಚಿತ್ರ. ಅದರಲ್ಲಿ ನಾನೊಬ್ಬಳೇ. ನೀನು ನಿಂತ ಜಾಗಕ್ಕೆ ವಾದ್ಯಾರ್ ಎಲೆ ತುಂಬಿಸಿದ್ದಾರೆ. ಬುಟ್ಟಿಯ ನಿನ್ನ ಕಡೆಯ ಹಿಡಿಯನ್ನು ಬಳ್ಳಿಯೇ ಹಿಡಿದುಕೊಂಡ ಹಾಗಿದೆ. ಇಷ್ಟು ವರ್ಷ ಆ ಬುಟ್ಟಿ ಯಾಕೆ ಹಾಗೆ ತೇಲುತ್ತಿದೆ ಅಂತ ಒಬ್ಬರೂ ಕೇಳಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನೆ ಬರುತ್ತಿದ್ದೆ. ಕೆಳಗೆ ಒಂದು ಮೇಜು, ಚೀಟಿಗಳು, ಪೆನ್ಸಿಲು. ‘ಎರಡನೆಯ ಹೆಂಗಸು ಚಿತ್ರದಿಂದ ಯಾಕೆ ಹೋದಳು? ನಿಮಗೆ ತೋಚಿದ್ದನ್ನು ಬರೆಯಿರಿ’ ಅಂತ ಹಲಗೆ ಬೇರೆ! ಬಂದವರೆಲ್ಲ ಬರೆದು ಹಗ್ಗಕ್ಕೆ ಸಿಕ್ಕಿಸಿ ಹೋಗಿದ್ದಾರೆ. ಒಂದೊಂದನ್ನೂ ಓದಿದೆ. ಅವಳು ಕೂಲಿಯವಳು, ಯಜಮಾನಿಯ ಪಕ್ಕ ನಿಲ್ಲಬಾರದು ಅಂತ ಒಬ್ಬ. ಅವಳ ಮುಖ ಚೆನ್ನಾಗಿ ಮೂಡಲಿಲ್ಲವೇನೋ ಅಂತ ಇನ್ನೊಬ್ಬ. ಅವಳು ದೆವ್ವ ಅಂತ ಶಾಲೆಯ ಹುಡುಗಿಯೊಬ್ಬಳು ಬರೆದು ಕೆಳಗೆ ದೆವ್ವದ ಚಿತ್ರ ಬಿಡಿಸಿದ್ದಾಳೆ. ಸತ್ತುಹೋದಳು ಅಂತ ಬರೆದವರೇ ಆರು ಮಂದಿ. ಬದುಕಿರುವವಳನ್ನು ಕೂತಲ್ಲೇ ಸಾಯಿಸಿಬಿಟ್ಟಿದ್ದಾರೆ!

ನನಗೆ ತಡೆಯಲಾಗಲಿಲ್ಲ. ಕೂಗಿದೆ. ಕಾವಲಿನವನು ಓಡಿಬಂದ, ಹಿಂದೆಯೇ ಅಭಿರಾಮಿಯೂ ಬಂದಳು. ನಮ್ಮ ಮನೆಯ ಹೆಂಗಸನ್ನು ದಾರಿಯಲ್ಲಿ ಹೋಗುವವರ ಒಗಟು ಮಾಡಲು ನಿನಗೆ ಯಾರು ಹೇಳಿದ್ದು ಅಂತ ಕೇಳಿದೆ. ಅವಳು ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. ಅಮ್ಮಾ, ಇವರಲ್ಲಿ ಯಾರಾದರೂ ಬದುಕಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ ಅಂದಳು. ಹೊಳೆಯಲಿಲ್ಲವಂತೆ! ಚಿತ್ರದ ಹಿಂದೆ ವಾದ್ಯಾರ್ ಕೈಯಿಂದಲೇ ಹನುಮಂತನಪಟ್ಟಿ ಅಂತ ಬರೆದಿದೆ. ಒಂದು ಬಸ್ಸು ಹತ್ತಿ ಬಂದು ವಿಚಾರಿಸಲಾಗದವಳು ಊರವರ ಕೈಯಲ್ಲೆಲ್ಲ ಚೀಟಿ ಬರೆಸುತ್ತಾಳೆ.

ಇಳಿಸು ಅಂದೆ. ಇದು ಊರಿನ ಸೊತ್ತು, ನಾನೊಬ್ಬಳೇ ಇಳಿಸಲಾಗದು ಅಂದಳು. ಅವರು ಯಾರೆಂದು ನೀವೇ ಹೇಳಿ, ಹೆಸರು ಹಾಕುತ್ತೇನೆ ಅಂದಳು. ಆಮೇಲೆ ಮೆಲ್ಲಗೆ ಒಂದು ಮಾತು ಹೇಳಿದಳು. ಮುಚ್ಚಿಡದೆ ಬರೆಯುತ್ತೇನೆ. ಬಣ್ಣದ ಚಿತ್ರಕ್ಕಿಂತ ಪೆನ್ಸಿಲಿನದೇ ಚೆನ್ನಾಗಿದೆ ಅಮ್ಮಾ, ವಾದ್ಯಾರ್ ಕಣ್ಣೆಲ್ಲ ಆ ಇನ್ನೊಬ್ಬರ ಮೇಲೇ ಇತ್ತು ಅಂದಳು. ನಿನ್ನ ಮುಖವನ್ನು ಅವರು ಮೂರು ದಿನ ಬರೆದರು, ನನ್ನದನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ನಾನೇನು ಮರೆತಿದ್ದೇನೆಯೇ?

ಆ ಚಿತ್ರ ಮಧುರೆಯಲ್ಲಿ ಪ್ರದರ್ಶನಕ್ಕೆ ಹೋಗುವುದಿತ್ತು. ನನ್ನನ್ನು ನೋಡಲು ಬರುವ ಗಂಡಿನ ಕಡೆಯವರು ಅಲ್ಲಿಗೂ ಬರುವವರಿದ್ದರು. ಮದುವೆಗೆ ನಿಂತವಳ ಪಕ್ಕ ಗಂಡ ಸತ್ತವಳು ಬೇಡ ಅಂತ ಅಪ್ಪ ವಾದ್ಯಾರ್‌ಗೆ ಹೇಳಿಕಳಿಸಿದರು. ಆಗ ನಿನಗೆ ಹೇಳಿದ್ದನ್ನೇ ಈಗಲೂ ಹೇಳುತ್ತಿದ್ದೇನೆ. ನೀನು ಮುಗಿದ ಚಿತ್ರ ನೋಡಿದೆ. ಮಾರನೆಯ ದಿನ ಟ್ರಂಕು ಹೊತ್ತು ತವರಿಗೆ ಹೋದೆ. ಹದಿಮೂರು ವರ್ಷ ಕಳೆದು ಅಪ್ಪ ಹಾಸಿಗೆ ಹಿಡಿದಾಗ, ಚೆಲ್ಲಾ ಬಂದಳಾ, ಚೆಲ್ಲಾ ಬಂದಳಾ ಅಂತ ಬಾಗಿಲು ನೋಡುತ್ತಲೇ ಹೋದರು. ಹೋಗುವ ಮೊದಲೊಮ್ಮೆ, ಹೋದ ಮೇಲೊಮ್ಮೆ, ಎರಡು ಸಲ ಆಳು ಕಳಿಸಿದೆವು. ಚಿತ್ರದಲ್ಲೂ ಬೇಡವಾದವಳು ಹೆಣದ ಮುಂದೆ ಯಾಕೆ ಅಂತ ನೀನು ಹೇಳಿಕಳಿಸಿದೆ. ಆ ಮಾತಿಗೆ ನಾನು ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟಿಟ್ಟುಕೊಂಡೆ.

ಅಭಿರಾಮಿ ನನಗೊಂದು ಚೀಟಿ ಕೊಟ್ಟಳು. ಬರೆದೆ. ಮೊದಲು ನಿನ್ನ ಹೆಸರು: ಚೆಲ್ಲಮ್ಮಾಳ್, ನಮ್ಮಪ್ಪ ಅಳಗರ್ ಅವರ ಸೊಸೆ, ತೋಟದ ಯಜಮಾನಿ, ಈಗ ಚಿನ್ನಮನೂರಿನಲ್ಲಿದ್ದಾಳೆ. ದೆವ್ವ ಅಲ್ಲ, ಕೂಲಿಯವಳೂ ಅಲ್ಲ ಅಂತ ಸೇರಿಸಿದೆ. ಸತ್ತಳು ಅನ್ನುವ ಆರು ಚೀಟಿಗಳನ್ನೂ ನನ್ನ ಕೈಯಾರೆ ಕಿತ್ತೆಸೆದೆ. ಅವಳು ತಡೆಯಲಿಲ್ಲ.

ನೀನು ಹೋಗಿ ನೋಡು ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ ಆ ನಗುವನ್ನು ನೀನೊಮ್ಮೆ ನೋಡಬೇಕು. ನಿನಗೆ ಹಾಗೆ ನಗಲು ಬರುತ್ತಿತ್ತು.

ನಿನ್ನ
ಪೇಚ್ಚಿಯಮ್ಮಾಳ್

ಮರೆತದ್ದು: ಮೇಲಿನದನ್ನೆಲ್ಲ ಓದಿ ನೋಡಿದೆ. ಅಪ್ಪ ಹೇಳಿಕಳಿಸಿದರು ಅಂತ ಮತ್ತೆ ಬರೆದಿದ್ದೇನೆ. ಹೇಳಿ ಹೇಳಿ ಕೈಗೂ ರೂಢಿಯಾಗಿದೆ. ಅದನ್ನು ಹೊಡೆದುಹಾಕುವುದಿಲ್ಲ, ನಾನೆಂಥವಳೆಂದು ನಿನಗೆ ಕಾಣಲಿ. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ವಾದ್ಯಾರ್ ಹತ್ತಿರ ಅಪ್ಪನ ಹೆಸರು ಹೇಳಿ ನಿನ್ನನ್ನು ತೆಗೆಸಿದವಳು ನಾನು. ಗಂಡಿನ ಕಡೆಯವರ ಭಯವೂ ಅಲ್ಲ. ವಾದ್ಯಾರ್ ನಿನ್ನ ಮುಖವನ್ನು ಮೂರು ದಿನ ಬರೆದದ್ದನ್ನು ನನಗೆ ಸಹಿಸಲಾಗಲಿಲ್ಲ. ನೀನು ಯಾಕೆ ಬರಲಿಲ್ಲವೆಂದು ತಿಳಿಯದೆ ಅಪ್ಪ ಸತ್ತರು, ನಾನು ಪಕ್ಕದಲ್ಲೇ ಕೂತಿದ್ದೆ. ಚೀಟಿಯ ಕೊನೆಗೆ ಇದನ್ನೂ ಬರೆದು ರುಜು ಹಾಕಿದ್ದೇನೆ. ಅಭಿರಾಮಿ ಓದಿ, ಇದನ್ನು ನಿಜವಾಗಿಯೂ ತೂಗುಹಾಕಲೇ ಅಂತ ಕೇಳಿದಳು. ಹಾಕು ಅಂದೆ. ಅಲ್ಲಿ ಓದಿದವರು ಬಂದು ಹೇಳುವ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ ಅಂತ ಈ ಕಾಗದವನ್ನು ರಾಮ್‌ಕುಮಾರನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಓದಿಲ್ಲ. ನಿನ್ನ ಬಾಗಿಲಲ್ಲಿ ನಿಂತಿರುತ್ತಾನೆ. ಒಳಗೆ ಕರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನೀನು ಯಾರು ಅಂತ ಮಾತ್ರ ಅವನಿಗೆ ಹೇಳು.