ಮದ್ದಿಲ್ಲದೆ ಕೂತ ಗುಂಡು

ಬುಧವಾರ, ಅಕ್ಟೋಬರ್ ೧೪
ಸಂಜೆ, ಅಂಗಡಿಯಿಂದ

ಇವಳೇ,

ನೀನು ಕ್ಷೇಮವೆಂದು ನಂಬಿದ್ದೇನೆ. ನಾನೂ ಇದ್ದೇನೆ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು, ಈ ಮನುಷ್ಯನಿಗೆ ನಾಲ್ಕು ಸಾಲು ಗೀಚುವುದಕ್ಕೂ ಆಗಲಿಲ್ಲವಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ಬೈಸಿಕೊಳ್ಳುವಂಥದ್ದೇ ಮಾಡಿದ್ದೇನೆ. ದಿನಾ ಬೆಳಿಗ್ಗೆ ಇವತ್ತು ಬರೆದೇಬಿಡೋಣ ಅಂದುಕೊಳ್ಳುತ್ತೇನೆ, ಅಂಗಡಿಯ ಬಾಗಿಲು ಎತ್ತುವಷ್ಟರಲ್ಲೇ ಸುಸ್ತು. ದುಡಿದು ಬರುವ ಸುಸ್ತಾಗಿದ್ದರೆ ಮಲಗಿದರೆ ಹೋಗುತ್ತಿತ್ತು. ಇದು ನನಗಿಂತ ಮೊದಲೇ ಎದ್ದು ಕೂತಿರುತ್ತದೆ.

ನಿನ್ನ ಅಕ್ಕನ ಸೊಂಟದ ಮೂಳೆ ಕೂಡಿಕೊಂಡು, ಕೋಲಿಲ್ಲದೆ ಬಾಗಿಲವರೆಗೆ ನಡೆಯುತ್ತಿದ್ದಾರೆ ಎಂದು ಓದಿ ನಿಜಕ್ಕೂ ಸಂತೋಷವಾಯಿತು. ಅತ್ತಿಗೆ ಗಟ್ಟಿ ಜೀವ. ಆದರೆ ಅದರ ಮುಂದಿನ ಸಾಲಿನಲ್ಲೇ "ನನ್ನ ಹೊಲಿಗೆ ಮಿಷನ್ ಕಳಿಸಿಕೊಡಿ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಕಾಗದ ಮಡಚಿಟ್ಟೆ. ಅಕ್ಕ ಹುಷಾರಾದರು, ಇಂಥ ದಿನ ಹೊರಡುತ್ತೇನೆ ಅಂತ ಇರಬೇಕಾದ ಜಾಗದಲ್ಲಿ ಮಿಷನ್ ಬಂದು ಕೂತಿದೆ. ಸ್ವಲ್ಪ ದಿನಕ್ಕೆ ಅಂತ ಹೇಳಿ, ಒಂದು ಕೈಚೀಲ ಹಿಡಿದು ಹೋದವಳು ನೀನು. ಸ್ವಲ್ಪ ದಿನಕ್ಕೆ ಯಾರೂ ಹೊಲಿಗೆ ಮಿಷನ್ ತರಿಸಿಕೊಳ್ಳುವುದಿಲ್ಲ. ನಮ್ಮಿಬ್ಬರಿಗೆ ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು, ರಾಜಿಯಾಗಲಿಕ್ಕೆ ಒಂದು ದಾರಿ ಇರುತ್ತಿತ್ತು. ನೀನು ಬರುತ್ತೀಯೋ ಇಲ್ಲವೋ ಎಂದು ಕೇಳಬೇಕು. ಕೇಳಿದರೆ ಉತ್ತರ ಬಂದುಬಿಡುತ್ತದೆ, ಅದಕ್ಕೇ ಕೇಳದೆ ದಿನ ತಳ್ಳುತ್ತಿದ್ದೇನೆ.

ಮನೆಯ ಸುದ್ದಿ ಹೇಳುವಂಥದ್ದೇನಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಊರವರ ಹಳೇ ಕೋವಿಗಳನ್ನೆಲ್ಲ ಬಿಚ್ಚಿ ಜೋಡಿಸುವವನಿಗೆ ತನ್ನ ಮನೆಯ ನಲ್ಲಿಗೆ ಒಂದು ವಾಷರ್ ಹಾಕಲು ಕೈ ಬರುತ್ತಿಲ್ಲ, ಕೆಳಗೆ ಒಂದು ಪಾತ್ರೆ ಇಟ್ಟು ಸುಮ್ಮನಾಗಿದ್ದೇನೆ. ಮಹಡಿ ಹತ್ತುವುದನ್ನು ಬಿಟ್ಟಿದ್ದೇನೆ, ಕೆಳಗೆ ಬೆಂಚಿನ ಮೇಲೇ ಮಲಗುತ್ತೇನೆ. ಮಂಡಿ ನೋವು ಅಂತ ಕೇಳಿದವರಿಗೆಲ್ಲ ಹೇಳಿದ್ದೇನೆ. ಮಂಡಿಯೂ ನೋಯುತ್ತದೆ ಅನ್ನು.

ಇನ್ನೊಂದು ಮರ್ಯಾದೆಗೇಡಿನ ಸುದ್ದಿ ಇದೆ. ಯಾರಾದರೂ ಉಪ್ಪು ಖಾರ ಹಚ್ಚಿ ನಿನಗೆ ಮುಟ್ಟಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೋದ ಭಾನುವಾರ ಕಲ್ಲುಗಣಿಯ ಮೈದಾನದಲ್ಲಿ, ನಮ್ಮ ಕೋವಿ ಸಂಘದ ಅಷ್ಟೂ ಜನರ ಎದುರಿಗೆ, ನಾನು ಮದ್ದು ಹಾಕದೆ ಕೋವಿಗೆ ಗುಂಡು ಜಡಿದೆ.

ನೀನು ಹೋದಮೇಲೆ ನಾನು ಮೈದಾನದ ಕಡೆ ತಲೆ ಹಾಕಿರಲಿಲ್ಲ. ಮೇಷ್ಟ್ರು ಬಿಡಬೇಕಲ್ಲ! ಆ ಭಾನುವಾರ ಬೆಳಿಗ್ಗೆಯೇ ಅಂಗಡಿಗೆ ಬಂದು, "ಏನ್ರೀ, ಅವ್ರು ವಾಪಸ್ ಬರೋವರೆಗೂ ಕೋವಿ ಮುಟ್ಟಲ್ಲ ಅಂತ ಶಪಥ ಮಾಡಿದೀರಾ? ತುಕ್ಕು ಹಿಡಿಯೋದು ಕೋವಿಗೋ ನಿಮಗೋ?" ಎಂದು ಪೀಡಿಸಿ, ಗೋಡೆಯಿಂದ ತಾವೇ, ಬಾಯಿಯಿಂದ ಮದ್ದು ತುಂಬುವ ನನ್ನ ಉದ್ದ ನಳಿಗೆಯ ಕೋವಿ ಇಳಿಸಿ ಹೆಗಲಿಗೆ ಹಾಕಿಕೊಂಡರು. ನಿವೃತ್ತರಾಗಿ ಇಷ್ಟು ವರ್ಷವಾದರೂ ಮನುಷ್ಯನಿಗೆ ಕ್ಲಾಸಿನ ಗತ್ತು ಹೋಗಿಲ್ಲ. ನನಗೂ ವಾದ ಮಾಡುವ ಶಕ್ತಿ ಇರಲಿಲ್ಲ, ಹಿಂದೆ ಹೋದೆ.

ಸರದಿ ಬಂತು, ತುಂಬಿದೆ. ಎಣ್ಣೆಬಟ್ಟೆಯ ಮೇಲೆ ಗುಂಡಿಟ್ಟು ಗಜದ ಕಂಬಿಯಿಂದ ತಳದವರೆಗೂ ನೂಕಿದೆ. ಕಿಡಿ ಕೊಡುವ ಕೇಪು ಕೂರಿಸಿದೆ, ಗುರಿ ಹಿಡಿದೆ, ಟ್ರಿಗರ್ ಎಳೆದೆ. ಟಪ್ ಅಂತ ಕೇಪು ಸಿಡಿಯಿತು, ಅಷ್ಟೇ. ಹೊಗೆಯಿಲ್ಲ, ಸದ್ದಿಲ್ಲ, ಭುಜಕ್ಕೆ ಗುದ್ದಿಲ್ಲ. ಬೆಂಕಿ ಒಳಗೆ ನಿಧಾನವಾಗಿ ಹಿಡಿಯುತ್ತಿದ್ದರೆ ಕಷ್ಟ ಎಂದು ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಅರವತ್ತರವರೆಗೆ ಎಣಿಸುತ್ತ ಕಾದೆ. ಇನ್ನೊಂದು ಕೇಪು ಹಾಕಿ ಎಳೆದೆ. ಮತ್ತೆ ಟಪ್. ಆಮೇಲೆ ಮಗ್ಗುಲಲ್ಲಿ ನಿಂತು ಗಜ ಇಳಿಬಿಟ್ಟು ನೋಡಿದೆ. ಮದ್ದು ಮತ್ತು ಗುಂಡು ಎರಡೂ ಇದ್ದಾಗ ಎಲ್ಲಿಯವರೆಗೆ ಇಳಿಯಬೇಕೆಂದು ಗಜದ ಮೇಲೆ ಗೀರು ಹಾಕಿದ್ದೇನಲ್ಲ, ಆ ಗೀರು ನಳಿಗೆಯ ಬಾಯಿ ದಾಟಿ ಒಳಗೆ ಮುಳುಗಿಹೋಯಿತು. ಗುಂಡು ತಳ ಕಚ್ಚಿ ಕೂತಿದೆ, ಅದರ ಹಿಂದೆ ಮದ್ದು ಅನ್ನುವುದು ಒಂದು ಕಾಳೂ ಇಲ್ಲ!

ಹೊಸಬರು ಯಾರಾದರೂ ಹೀಗೆ ಮಾಡಿದರೆ ನಾನೇ ಎಷ್ಟು ಗೇಲಿ ಮಾಡಿದ್ದೇನೆ, ಗೊತ್ತಲ್ಲ ನಿನಗೆ. ಮೈದಾನದ ಉಸ್ತುವಾರಿಯ ಸೀಟಿ ನನ್ನ ಕೊರಳಲ್ಲಿ. "ಮೊದಲು ಮದ್ದು, ಆಮೇಲೆ ಗುಂಡು" ಅಂತ ಕೂಗಿ ಕೂಗಿ ಗಂಟಲು ಹರಿದುಕೊಂಡವನು ನಾನು. ಎಲ್ಲರೂ ಕೋವಿ ಇಳಿಸಿ ನನ್ನನ್ನೇ ನೋಡಿದರು. ಒಬ್ಬನೂ ನಗಲಿಲ್ಲ ಕಣೇ. ನಕ್ಕಿದ್ದರೆ ನಾನೂ ನಕ್ಕು ಮುಗಿಸುತ್ತಿದ್ದೆ. ಪಾಪ, ವಯಸ್ಸಾಯಿತು ಅನ್ನುವ ಮುಖ ಮಾಡಿಕೊಂಡು ನಿಂತರು.

ಸುಲಭದ ದಾರಿ ಒಂದಿತ್ತು. ಕೇಪು ಕೂರುವ ಪುಟ್ಟ ತಿರುಪನ್ನು ಬಿಚ್ಚಿ, ಆ ತೂತಿನಿಂದ ಚಿಟಿಕೆ ಮದ್ದು ತುರುಕಿ ಹಾರಿಸಿಬಿಟ್ಟರೆ ಗುಂಡು ತಾನಾಗಿ ಆಚೆ ಹೋಗುತ್ತದೆ. ಆದರೆ ನಾನು ಗಾಬರಿಯಲ್ಲಿ ಆ ತೂತಿಗೆ ಆಗಲೇ ಎಣ್ಣೆ ಸುರಿದುಬಿಟ್ಟಿದ್ದೆ. ಗಜದ ಗೀರು ಏನೇ ಹೇಳಲಿ, ಒಳಗೆ ಮದ್ದು ಇದೆ ಅಂತಲೇ ನಡೆದುಕೊಳ್ಳಬೇಕು, ನೆನೆಸಿ ಸಾಯಿಸಿಬಿಡಬೇಕು ಅನ್ನುವುದು ಅಪ್ಪ ಕಲಿಸಿದ್ದು. ಅಭ್ಯಾಸಬಲ. ಎಣ್ಣೆ ಬಿದ್ದಮೇಲೆ ಹೊಸ ಮದ್ದಿಗೂ ಬೆಂಕಿ ಹತ್ತುವುದಿಲ್ಲ. ಗುಂಡನ್ನು ಬಂದ ಬಾಯಿಯಿಂದಲೇ ಎಳೆದು ತೆಗೆಯಬೇಕು, ಅದೂ ಅಂಗಡಿಯಲ್ಲಿ.

ಮದ್ದು ತುಂಬುವವನನ್ನು ಯಾರೂ ಮಾತಾಡಿಸಬಾರದು ಅನ್ನುವುದು ಮೈದಾನದ ಕಟ್ಟುನಿಟ್ಟು ತಾನೇ. ಆದ್ದರಿಂದ ಮದ್ದು ಮರೆತರೆ ಮೊದಲು ಏಳುವ ಪ್ರಶ್ನೆ, ಮಾತಾಡಿಸಿದ್ದು ಯಾರು ಅಂತ. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು, "ನಾನು ಕೆಮ್ಮಿದೆ ಕಣ್ರೀ. ನನ್ನಿಂದಲೇ ಆಗಿದ್ದು" ಅಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಕೋವಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದುಬಿಟ್ಟೆ.

ಸೋಮವಾರ ಕೂತೆ. ಗಜದ ತುದಿಗೆ ಹಾಕುವ ಚೂಪು ತಿರುಪು ಇದೆಯಲ್ಲ, ಬಿರಡೆ ಕೀಳುವುದರ ಹಾಗಿರುವುದು, ಅದನ್ನು ಹಾಕಿ ನಳಿಗೆಗೆ ಇಳಿಸಿ ತಿರುಗಿಸಿದೆ. ಸೀಸ ಮೆತ್ತಗಿನದು, ಕಚ್ಚಿಕೊಂಡಿತು. ಎಳೆದೆ. ಹಪ್ಪಳ ಮುರಿದ ಹಾಗೆ ಪಟ್ ಎಂದು ಕಿತ್ತುಕೊಂಡು, ತಿರುಪಿನ ತುದಿಗೆ ಒಂದಿಷ್ಟು ಸೀಸದ ಸಿಪ್ಪೆ ಮಾತ್ರ ಬಂತು. ಗುಂಡು ಅಲ್ಲೇ. ತಿರುಪು ನಡುವಿಗೆ ಇಳಿಯದೆ ಓರೆಯಾಗಿ ಇಳಿದಿತ್ತು. ಹಿಂದೆಯಾದರೆ ಇಂಥ ತಪ್ಪಿಗೆ ನನ್ನನ್ನು ನಾನೇ ಬೈದುಕೊಂಡು ಕೂಡಲೇ ಇನ್ನೊಂದು ಕೈ ನೋಡುತ್ತಿದ್ದೆ. ಮೊನ್ನೆ ಸ್ಟೂಲಿನ ಮೇಲೆ ಕೂತವನು ಏಳಲೇ ಇಲ್ಲ. ಯಾವ ಸೌಭಾಗ್ಯಕ್ಕೆ ಈ ಗುಂಡು ತೆಗೆಯಬೇಕು, ತೆಗೆದು ಯಾರನ್ನು ಹೊಡೆಯಬೇಕಾಗಿದೆ ಅನ್ನಿಸಿತು. ಹಾಗೇ ಬಿಟ್ಟು ಗೋಡೆಗೆ ನೇತುಹಾಕಿದರೆ ಯಾರೂ ಕೇಳುವುದಿಲ್ಲ. ಆದರೆ ನಳಿಗೆಯಲ್ಲಿ ಗುಂಡು ಇರುವ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ನಾಳೆ ಯಾರೋ ಗೊತ್ತಿಲ್ಲದೆ ಅದರ ಮೇಲೆ ಮದ್ದು ಗುಂಡು ತುಂಬಿ, ಕಿಡಿ ಹೇಗೋ ನುಸುಳಿದರೆ ನಳಿಗೆಯೇ ಸೀಳಿ ಮುಖಕ್ಕೆ ಬರುತ್ತದೆ. ಬಾಯಿಯಿಂದಲೂ ಎಣ್ಣೆ ಬಿಟ್ಟು, ನೆನೆಯಲಿ ಅಂತ ಮೂಲೆಗೆ ಒರಗಿಸಿದೆ.

ಮಾರನೆಯ ದಿನ ಹಿತ್ತಾಳೆಯ ಒಂದು ಬಳೆ ಕಡೆದೆ, ನಳಿಗೆಯ ಒಳಸುತ್ತಿಗೆ ಸರಿಯಾಗಿ. ತಿರುಪಿನ ಹಿಂದೆ ಅದನ್ನು ಹಾಕಿಕೊಂಡರೆ ಗಜ ಅತ್ತಿತ್ತ ಓಲಾಡುವುದಿಲ್ಲ, ತಿರುಪು ನೇರ ನಡುವಿಗೇ ಇಳಿಯುತ್ತದೆ. ಈ ಸಲ ಚೆನ್ನಾಗಿ ಕಚ್ಚಿತು. ಆದರೆ ಎಳೆಯಲು ಒಬ್ಬನ ಕೈಯಲ್ಲಿ ಆಗಬೇಕಲ್ಲ. ಅಷ್ಟರಲ್ಲಿ ಮೇಷ್ಟ್ರು ಬಂದರು, ಕೈಯಲ್ಲಿ ಬೇಕರಿಯ ಪೊಟ್ಟಣ, ಮುಖದಲ್ಲಿ ಇನ್ನೂ ಆ ಕೆಮ್ಮಿನ ಪಾಪ. ಗಜದ ಹಿಡಿಯನ್ನು ಬೆಂಚಿನ ಇಕ್ಕಳಕ್ಕೆ ಬಿಗಿದು, ನಾವಿಬ್ಬರೂ ಕೋವಿಯ ಹಿಂಬದಿ ಹಿಡಿದು ಜಗ್ಗಿದೆವು. ಜಗ್ಗಿದೆವು ಅಂದರೆ, ಇಬ್ಬರು ಮುದುಕರು ಎಷ್ಟು ಜಗ್ಗಬಹುದೋ ಅಷ್ಟು. "ಏನ್ರೀ ಇದು, ಹಲ್ಲು ಕೀಳ್ತಿದೀವಾ ಹೆರಿಗೆ ಮಾಡಿಸ್ತಿದೀವಾ?" ಅಂತ ಮೇಷ್ಟ್ರು ಏದುಸಿರು ಬಿಟ್ಟರು. "ಬಾಯಿ ಮುಚ್ಕೊಂಡು ಎಳೀರಿ ಮೇಷ್ಟ್ರೇ" ಅಂದೆ. ಮೊದಲು ಕೂದಲೆಳೆಯಷ್ಟು ಸರಿಯಿತು. ಆಮೇಲೆ ಗುಂಡು ಒಂದೇ ಸಮನೆ ಕಿರುಗುಟ್ಟುತ್ತ ಬಂದು, ಕೊನೆಗೆ ಪುಳಕ್ ಎಂದು ಕಳಚಿಕೊಂಡಿತು. ಕೋವಿ ಸಮೇತ ನಾವಿಬ್ಬರೂ ಹಿಂದಿನ ಮರದ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟೆವು. ಮೇಷ್ಟ್ರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ನಕ್ಕೆ. ಬಹಳ ದಿನವಾಗಿತ್ತು.

ಗುಂಡಿನ ಮೈಮೇಲೆ ನಳಿಗೆಯ ಗೀರುಗಳು ಅಚ್ಚೊತ್ತಿದ ಹಾಗೆ ಮೂಡಿದ್ದವು. ಸುತ್ತಿದ ಬಟ್ಟೆ ಸುಟ್ಟಿಲ್ಲ, ಕಪ್ಪಾಗಿಲ್ಲ, ಹಾಗೇ ಬೆಳ್ಳಗಿತ್ತು. ನಳಿಗೆ ತೊಳೆದು ಬೆಳಕಿಗೆ ಹಿಡಿದು ನೋಡಿದೆ, ಒಳಗೆ ಏನೂ ಕೆಟ್ಟಿಲ್ಲ. ಸೀಟಿಯನ್ನು ಮಾತ್ರ ಮೇಷ್ಟ್ರ ಜೇಬಿಗೆ ಹಾಕಿದೆ, ಬೇಡ ಬೇಡವೆಂದರೂ ಬಿಡಲಿಲ್ಲ. "ನೀವೇ ಮದ್ದು ಮರೆತ್ರೆ ನಮಗೆಲ್ಲ ಯಾರು ದಿಕ್ಕು?" ಅಂದರು. ಮರೆಯುವವನು ಇತರರಿಗೆ ನೆನಪು ಮಾಡುವುದು ಎಷ್ಟು ಚೆಂದ, ನೀನೇ ಹೇಳು. ಇನ್ನು ಆ ಕೂಗಾಟ ಅವರಿಗೇ ಇರಲಿ.

ನಿನ್ನ ಮಿಷನ್ನಿನ ವಿಷಯ. ಬೆಲ್ಟ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿದ್ದೇನೆ. ಎಣ್ಣೆ ಬಿಟ್ಟು, ಹಳೇ ಕಂಬಳಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದಾಯಿತು. ಶನಿವಾರ ಲಾರಿಯವನು ಬಂದು ಒಯ್ಯುತ್ತಾನೆ. ಇಳಿಸುವಾಗ ಅಡಿಯನ್ನು ಹಿಡಿಯಲು ಹೇಳು, ಚಕ್ರ ಹಿಡಿದು ಎತ್ತಿದರೆ ಮುರಿಯುತ್ತದೆ.

ಅತ್ತಿಗೆಗೆ ನಮಸ್ಕಾರ ತಿಳಿಸು, ಅವಸರ ಪಟ್ಟು ಮೆಟ್ಟಿಲು ಹತ್ತಬೇಡಿ ಅಂತ ನಾನು ಹೇಳಿದೆನೆಂದು ಹೇಳು. ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ, ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ಚೆನ್ನಾಗಿರು.

ಇಂತಿ,
ನೀನು 'ಇವರು' ಅನ್ನುವ ನಾನು

ಮತ್ತೆ: ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ, ಇದನ್ನು ಬರೆಯಲೋ ಬೇಡವೋ ಅಂತ. ಮೇಷ್ಟ್ರದು ಏನೂ ತಪ್ಪಿಲ್ಲ. ಅವರು ಕೆಮ್ಮುವ ಹೊತ್ತಿಗೆ ಗುಂಡು ಆಗಲೇ ಒಳಗೆ ಹೋಗಿತ್ತು. ನಾಳೆ ಅವರಿಗೂ ಹೇಳುತ್ತೇನೆ. ಗಿರಾಕಿಗಳ ಕೋವಿ ಪರೀಕ್ಷೆ ಮಾಡುವಾಗ ಮದ್ದು ನಾನೇ ಅಳೆಯುತ್ತೇನೆ, ಅದು ಕೆಲಸ. ಮೈದಾನದಲ್ಲಿ ಮಾತ್ರ ನಮ್ಮ ಮದುವೆಯಾದಾಗಿನಿಂದ ನಾನು ಒಮ್ಮೆಯೂ ಅಳೆದಿಲ್ಲ. ನೀನು ಎಡಗಡೆ ನಿಂತು, ಅಳತೆಕೊಳವೆಗೆ ಮದ್ದು ತುಂಬಿ ನನ್ನ ಕೈಗಿಡುತ್ತಿದ್ದೆ. ನಾನು ತಿರುಗಿಯೂ ನೋಡದೆ ತಗೊಂಡು ಸುರಿಯುತ್ತಿದ್ದೆ. ಭಾನುವಾರವೂ ಎಡಗೈ ಚಾಚಿದೆ. ಏನೂ ಬೀಳಲಿಲ್ಲ. ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದೆ. ಆಮೇಲೆ ಯಾರಾದರೂ ನೋಡಿಯಾರು ಅಂತ ನಾಚಿಕೆಯಾಗಿ, ಖಾಲಿ ಕೈಯನ್ನೇ ನಳಿಗೆಯ ಬಾಯಿಗೆ ತಂದು ಸುರಿದ ಹಾಗೆ ಮಾಡಿದೆ, ಅದರ ಮೇಲೆ ಗುಂಡಿಟ್ಟೆ. ನೀನಿಲ್ಲದೆ ನನಗೆ ಆಗುತ್ತಿಲ್ಲ ಕಣೇ. ಮಿಷನ್ ಶನಿವಾರ ಹೊರಡುತ್ತದೆ, ಅದನ್ನು ತಡೆಯುವುದಿಲ್ಲ. ನೀನು ಬರುವುದಿಲ್ಲವಾದರೆ ಅದನ್ನೂ ಒಂದು ಸಾಲು ಬರೆ. ಕೈ ಚಾಚುವುದನ್ನು ನಾನು ಬಿಡಬೇಕಾಗುತ್ತದೆ.