ಎಡಗೈಯ ಅಳತೆ

ತಾರೀಕು ೧೧, ಮಂಗಳವಾರ

ಅಣ್ಣನಿಗೆ ತಂಗಿಯ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರ ಕಾಗದ ಅಂತ ನಿನಗೆ ಗೊತ್ತಾಗಿರುತ್ತದೆ. ಹರಿಯಬೇಡ. ಹರಿಯುವುದೇ ಆದರೆ ಓದಿ ಹರಿ. ನಿನ್ನ ಮಂಡಿನೋವು ಹೇಗಿದೆ, ಅತ್ತಿಗೆಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯಾ ಅಂತ ಕೇಳಲು ನನಗೆ ಮುಖವಿಲ್ಲ, ಆದರೂ ಕೇಳಿದ್ದೇನೆ. ಹೋದ ತಿಂಗಳೇ ಬರೆಯಬೇಕಿತ್ತು. ಮೂರು ಸಲ ಶುರು ಮಾಡಿ, ಮೂರು ಸಲವೂ ಹಾಳೆ ಕತ್ತರಿಸಿ ಕಾಲರಿನ ಅಚ್ಚು ಮಾಡಿಬಿಟ್ಟೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿ ಕಾಜಾ ಹಾಕಲು ಕೂರಿಸಿದರಲ್ಲ, ಒತ್ತಕ್ಷರ ಬಂದರೆ ಇವತ್ತಿಗೂ ಕೈ ತಡೆಯುತ್ತದೆ. ತಪ್ಪಿದ್ದರೆ ಚಿಕ್ಕಂದಿನಲ್ಲಿ ನಕ್ಕ ಹಾಗೆ ನಕ್ಕುಬಿಡು.

ವಿಷಯಕ್ಕೆ ಬಂದುಬಿಡುತ್ತೇನೆ, ಇಲ್ಲದಿದ್ದರೆ ಹೆದರಿಕೆಯಲ್ಲಿ ಊರೆಲ್ಲ ಸುತ್ತುತ್ತೇನೆ. ಈ ಮೂವತ್ತನೇ ತಾರೀಕು ಭಾನುವಾರ ನೀನು ಬರಬೇಕು ಅಣ್ಣಾ. ನಮ್ಮ ಹಳೆಯ ಕುಸ್ತಿ ಸಭಾಂಗಣವನ್ನು ಕೆಡವುತ್ತಾರಂತೆ. ಕೆಡವುವ ಮೊದಲು ಹಳಬರೆಲ್ಲ ಒಂದು ಸಲ ರಿಂಗ್ ಹತ್ತಿ, ಕೈ ಕುಲುಕಿ, ಇಳಿಯುವುದು ಅಂತ ನಮ್ಮ ಹಳೆಯ ರೆಫರಿ ಮೂರೆಣಿಕೆ ಏರ್ಪಾಡು ಮಾಡಿದ್ದಾನೆ. ನೆಲ ಬಡಿದು ಮೂರು ಎಣಿಸಿ ಎಣಿಸಿ ಅಂಗೈ ಚಪ್ಪಟೆಯಾಗಿದೆ, ರೆಫರಿ ಕೆಲಸ ಬಿಟ್ಟು ವರ್ಷಗಳಾದರೂ ಮಾತಿನ ಕೊನೆಗೆ ಮೇಜು ಬಡಿಯುವುದು ಬಿಟ್ಟಿಲ್ಲ. ನಿನಗೆ ಫೋನ್ ಮಾಡಿದ್ದನಂತೆ. ಬಂದು ನಮ್ಮ ಹೊಲಿಗೆ ಮಿಷನ್ನಿನ ಪಕ್ಕ ಕೂತು ನಿನ್ನ ಉತ್ತರ ಹೇಳಿದ.

"ಬೀಳೋಕೆ ಒಪ್ಪದೇ ಇದ್ದವನ ಕೈ ಕುಲುಕೋಕೆ ನಾನ್ಯಾಕೆ ಬರ್ಲಿ ಅಂದ್ನಮ್ಮಾ ನಿಮ್ಮಣ್ಣ. ಹತ್ತೊಂಬತ್ತು ವರ್ಷ ಆಯ್ತು, ಬೀಗ ಇನ್ನೂ ಬಿಚ್ಚಿಲ್ಲ ನೋಡು!"

ಅವನು ನಕ್ಕ. ನನಗೆ ನಗಲು ಆಗಲಿಲ್ಲ. ಒಳಗಿನ ಕೋಣೆಯಲ್ಲಿ ಇವರಿದ್ದರು, ಎಲ್ಲಿ ಕೇಳಿಸಿಕೊಂಡರೋ ಅಂತ ಪೆಡಲ್ ತುಳಿದು ಸದ್ದು ಮಾಡಿದೆ. ಬಟ್ಟೆಯೇ ಇಲ್ಲದೆ ಮಿಷನ್ ಓಡಿಸಿದೆ.

ಇವರ ವಿಷಯ ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಆ ಮುಖವಾಡದವನು ರಿಂಗಿನಲ್ಲಿ ಇವರನ್ನು ತಲೆಕೆಳಗಾಗಿ ಕೈಬಿಟ್ಟನಲ್ಲ, ಅದಾದ ಮೇಲೆ ಕುಸ್ತಿ ನಿಂತದ್ದು ನಿನಗೆ ಗೊತ್ತು. ಮೊದಮೊದಲು ತಲೆನೋವು ಅಷ್ಟೇ ಇತ್ತು. ಈಗ ಎರಡು ವರ್ಷದಿಂದ ಮರೆವು. ಬೆಳಿಗ್ಗೆ ಹಲ್ಲುಜ್ಜಿದ್ದನ್ನು ಮರೆತು ಮತ್ತೆ ಉಜ್ಜುತ್ತಾರೆ. ಡಾಕ್ಟರು "ಹಳೇ ಏಟುಗಳಮ್ಮಾ, ಒಳಗೇ ಕೂತಿದ್ವು" ಅಂದರು. ಹೊಸದೆಲ್ಲ ಅಳಿಸಿಹೋಗುತ್ತಿದೆ, ಹಳೆಯದು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ಇದೆ. ಅದೇ ಈಗ ತೊಂದರೆ. ಮೂರೆಣಿಕೆ "ಮೂವತ್ತನೇ ತಾರೀಕು, ಸಭಾಂಗಣ, ನಿಮ್ಮ ಭಾವನೂ ಇರ್ಬೇಕು" ಅಂದದ್ದೇ ತಡ, ಇವರ ತಲೆಯಲ್ಲಿ ಹತ್ತೊಂಬತ್ತು ವರ್ಷ ಮಡಚಿಕೊಂಡಿತು. ಅವತ್ತು ನಡೆಯದೇ ಹೋದ ಕುಸ್ತಿ ಈಗ ನಡೆಯುತ್ತದೆ ಅಂದುಕೊಂಡಿದ್ದಾರೆ. ಅಲಮಾರಿನ ತಟ್ಟೆಲೋಟ ಎಲ್ಲ ಕೆಳಗಿಳಿಸಿ, ಅಡಿಯಲ್ಲಿ ಹಾಸಿದ್ದ ಆ ಪೋಸ್ಟರನ್ನು ತೆಗೆದು ಗೋಡೆಗೆ ಹಚ್ಚಿದ್ದಾರೆ. ಅರ್ಧ ಮುಖ ನಿನ್ನದು, ಅರ್ಧ ಮುಖ ಇವರದು, ನಿನ್ನ ಮೀಸೆಯ ಮೇಲೆ ಲೋಟದ ಉಂಗುರ. "ಬೀಗ ಎದುರು ಹುರಿಹಗ್ಗ" ಅಂತ ಕೆಂಪಕ್ಷರ. ನೀನು ಹಿಡಿದ ಪಟ್ಟು ಬಿಚ್ಚದು ಅಂತ ನಿನಗೆ ಆ ಹೆಸರು, ಹೇಗೆ ತಿರುಚಿದರೂ ಹರಿಯದವರು ಅಂತ ಇವರಿಗೆ ಆ ಹೆಸರು. ನೀನು ನನ್ನನ್ನು ಇವರಿಗೆ ಕೊಟ್ಟಾಗ ಹುಡುಗರೆಲ್ಲ "ಬೀಗ ಬೀಗತನ ಮಾಡ್ತು, ಹಗ್ಗಕ್ಕೆ ಗಂಟು ಬಿತ್ತು" ಅಂತ ಗೇಲಿ ಮಾಡಿದ್ದು ನೆನಪಿದೆಯಾ?

ಹಾಸಿಗೆ ನೆಲಕ್ಕೆ ಹಾಸಿ ದಿನಾ ಬೀಳುವ ಅಭ್ಯಾಸ ಮಾಡುತ್ತಾರೆ. ನಾನು ಸುತ್ತ ದಿಂಬು ಜೋಡಿಸುತ್ತಾ ನಿಲ್ಲುತ್ತೇನೆ. ಕೆಳಗಿನ ಮನೆಯ ಔಷಧಿ ಅಂಗಡಿಯವರು ಸಿಟ್ಟಿನಿಂದ ಕೋಲು ತೆಗೆದು ಚಾವಣಿಗೆ ಬಡಿದರು. ಒಂದು, ಎರಡು, ಮೂರನೇ ಏಟು ಬೀಳುವ ಮೊದಲೇ ಇವರು ಭುಜ ಎತ್ತಿ "ಎರಡೂವರೆ! ಎರಡೂವರೆ! ನಾನಿನ್ನೂ ಸೋತಿಲ್ಲ!" ಅಂತ ಕೂಗಿದರು. ನಾನು ನಕ್ಕುನಕ್ಕು, ಆಮೇಲೆ ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದ್ದೇನಾ ಅಂತ ಸುಮ್ಮನೆ ಮೂರು ಸಲ ನೋಡಿದೆ.

ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ. "ಭಾವಂಗೆ ಹೇಳ್ದ್ಯಾ?"

"ಹೇಳ್ತೀನಿ."

"ಬರೀ ಹೇಳ್ತೀನಿ ಹೇಳ್ತೀನಿ ಅಂತೀಯ. ಪೋಸ್ಟರ್ ಹಾಕಾಯ್ತು ಕಣೇ!"

ಪಕ್ಕದ ಮನೆಯ ನರ್ಸ್ ಹುಡುಗಿ ಇವರ ರಕ್ತದೊತ್ತಡ ನೋಡಲು ಬರುತ್ತಾಳೆ. ಮೊನ್ನೆ ಫೋನಿನಲ್ಲಿ ಏನೋ ತೋರಿಸಿ "ಆಂಟಿ, ಅಂಕಲ್ ಇಷ್ಟು ಫೇಮಸ್ಸಾ!" ಅಂದಳು. ನಡೆಯದೇ ಹೋದ ಕನಸಿನ ಕುಸ್ತಿಗಳು ಅಂತ ಯಾರೋ ಪುಣ್ಯಾತ್ಮ ಪಟ್ಟಿ ಮಾಡಿ ಹಾಕಿದ್ದಾನೆ. ಒಬ್ಬ ಸತ್ತಮೇಲೆ ಇನ್ನೊಬ್ಬ ಹುಟ್ಟಿದಂಥ ಜೋಡಿಗಳೂ ಅದರಲ್ಲಿವೆ, ಅವು ನಡೆಯುವುದಾದರೂ ಹೇಗೆ? ಆದರೆ ಎಲ್ಲಕ್ಕಿಂತ ಮೇಲೆ ಇರುವುದು ನೀವಿಬ್ಬರು. ಕೆಳಗೆ ನೂರಾರು ಜನರ ಜಗಳ. ಮಾಲೀಕರು ಮೋಸ ಮಾಡಿದರು ಅಂತ ಒಬ್ಬ, ಇಬ್ಬರಿಗೂ ಕೊಬ್ಬು ಅಂತ ಇನ್ನೊಬ್ಬ. "ಭಾವ-ಮೈದುನ ತಾನೇ, ಮನೆಯಲ್ಲೇ ಮುಗಿಸಿಕೊಂಡಿರಬೇಕು" ಅಂತ ಮತ್ತೊಬ್ಬನ ತಮಾಷೆ. ಅವಳು ಓದುತ್ತಾ ಹೋದಳು, ನಾನು ಹಾಕಿದ ಗುಂಡಿಯನ್ನೇ ಮತ್ತೆ ಹಾಕಿದೆ.

"ನೀವೇ ಹೇಳಿ ಆಂಟಿ, ಯಾರು ಗೆಲ್ತಿದ್ರು?"

"ಯಾರು ಗೆಲ್ತಿದ್ರು ಅಂತಲ್ಲಮ್ಮಾ, ಯಾರು ಬೀಳೋಕೆ ಒಪ್ತಿದ್ರು ಅಂತ ಕೇಳ್ಬೇಕು" ಅಂದೆ. ನಮ್ಮ ಕುಸ್ತಿಯಲ್ಲಿ ಅದು ಮೊದಲೇ ಮಾತಾಗುವುದು ಅಂತ ಆ ಮಗುವಿಗೆ ಗೊತ್ತಿಲ್ಲ. ಮುಖ ಸಣ್ಣದಾಯಿತು ಪಾಪ. "ಹಾಗಾದ್ರೆ ಎಲ್ಲ ಸುಳ್ಳಾ?" ಅಂದಳು. ನೀನು ಹೇಳುತ್ತಿದ್ದುದನ್ನೇ ಹೇಳಿದೆ: ಎತ್ತುವವನ ಕೈಯಲ್ಲಿ ಬೀಳುವವನ ಜೀವ ಇರುತ್ತದೆ, ಅದರಲ್ಲಿ ಸುಳ್ಳು ಎಲ್ಲಿಂದ ಬಂತು? ಇಪ್ಪತ್ತಾರು ವರ್ಷ ನಿನ್ನ ಕೈಯಿಂದ ಬಿದ್ದವರು ಒಬ್ಬರೂ ಆಸ್ಪತ್ರೆ ನೋಡಲಿಲ್ಲ. ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಇಳಿಸುತ್ತಿದ್ದೆ, ಸದ್ದು ಮಾತ್ರ ಸಿಡಿಲಿನ ಹಾಗೆ.

ಹೋದ ವಾರ ಇವರು ಹೊಸ ಉಡುಪು ಹೊಲಿ ಅಂತ ಹಟ ಹಿಡಿದರು. ಹಳೆಯ ಅಳತೆ ಪುಸ್ತಕ ತೆಗೆದೆ. ನೀವಿಬ್ಬರೂ ಅದರಲ್ಲಿ ಎದುರುಬದುರು ಪುಟದಲ್ಲಿದ್ದೀರಿ. ಇವರು ಎರಡೂ ಕೈ ಅಗಲಿಸಿ ನಿಂತು, "ಟೈಲರಮ್ಮಾ, ಹೊಟ್ಟೆ ನೋಡಿ ಟೇಪ್ ಸಾಲಲ್ಲ ಅಂತ ಹೆದರ್ಬೇಡ" ಅಂದರು. ಎದೆ, ಸೊಂಟ, ಬಲತೋಳು ಬರೆದುಕೊಂಡೆ. ಟೇಪು ಎಡಗಡೆಗೆ ತಂದಾಗ ನನ್ನ ಕೈ ಹಿಡಿದು ಮೆಲ್ಲಗೆ, "ಎಡಗೈ ಬರೀಬೇಡ" ಅಂದರು. ನಾನು ಟೇಪು ಸುತ್ತಿ ಪುಸ್ತಕ ಮುಚ್ಚಿದೆ. ಯಾಕೆ ಅಂತ ಆಮೇಲೆ ಬರೆಯುತ್ತೇನೆ, ಇಲ್ಲಾ ಬರೆಯುವುದಿಲ್ಲವೋ ಏನೋ.

ಅಣ್ಣಾ, ನಿಮ್ಮಿಬ್ಬರ ಕುಸ್ತಿಗೆ ಮುಂಚಿನ ಆ ಮೂರು ತಿಂಗಳು ನೆನಪು ಮಾಡಿಕೊ. ವೈರಿಗಳು ಅಂತ ಜನ ನಂಬಬೇಕು, ಇಬ್ಬರೂ ಒಂದೆಡೆ ಕಾಣಿಸಿಕೊಳ್ಳಬಾರದು, ಫೋನಿನಲ್ಲೂ ಮಾತಾಡಬಾರದು ಅಂತ ಮಾಲೀಕರು ಕಟ್ಟಪ್ಪಣೆ ಮಾಡಿದ್ದರು. ಸಭಾಂಗಣದಲ್ಲಿ ಇವರ ಕೋಣೆ ಮೆಟ್ಟಿಲ ಈಚೆ, ನಿನ್ನದು ಆಚೆ ಕೊನೆಗೆ. ನಡುವೆ ಓಡಾಡುತ್ತಿದ್ದವಳು ನಾನೊಬ್ಬಳೇ, ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡು. ಅವತ್ತು ನಾನು "ಬೀಳಲ್ವಂತೆ" ಅಂದಾಗ ನೀನು ಷೂ ಲೇಸು ಕಟ್ಟುತ್ತಿದ್ದೆ. ಕಟ್ಟಿದ್ದನ್ನು ಬಿಚ್ಚಿದೆ. "ನನ್ನ ಕೈಲಿ ಬೀಳೋದು ಅವನಿಗೆ ಅವಮಾನಾನಾ? ಹಾಗಾದ್ರೆ ಕುಸ್ತಿನೇ ಬೇಡ, ಅವನ ಮುಖಾನೂ ಬೇಡ" ಅಂದೆ. ಅಂದ ಮಾತಿಗೆ ನಿಂತೆ. ಅಮ್ಮ ಹೋದ ದಿನವೂ ಒಂದೇ ಕೋಣೆಯಲ್ಲಿ ನೀನು ಕಿಟಕಿ ನೋಡುತ್ತಾ ಕೂತೆ, ಇವರು ಬಾಗಿಲು ನೋಡುತ್ತಾ ಕೂತರು. ನಾನು ನಡುವೆ ಚಾಪೆ ನೋಡುತ್ತಿದ್ದೆ.

ನೀನು ಬರದಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಇವರು ಉಡುಪು ಹಾಕಿ ರಿಂಗ್ ಹತ್ತುತ್ತಾರೆ. ನೀನು ಬರುವ ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತಾರೆ. ಉಳಿದವರೆಲ್ಲ ಕೈ ಕುಲುಕಿ ಇಳಿದುಹೋಗುತ್ತಾರೆ. ಇಳಿಯಿರಿ ಅಂತ ಯಾರು ಹೇಳುವುದು, ನಾನಾ? ನೀನು ಏನೂ ಮಾಡಬೇಡ. ಮಂಡಿ ನೋಯುವುದಾದರೆ ಮೂರೆಣಿಕೆ ಕುರ್ಚಿ ಇಡಿಸುತ್ತಾನೆ. ಎದುರಿಗೆ ಬಂದು ಇವರ ಕೈ ಹಿಡಿದುಕೊ, ಸಾಕು.

ಅತ್ತಿಗೆಗೆ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿರಲಿ, ಅವರ ಹೊಟ್ಟೆ ತಣ್ಣಗಿರಲಿ. ನಿನ್ನ ಮೊಮ್ಮಗಳನ್ನು ನಾನಿನ್ನೂ ನೋಡಿಲ್ಲ, ಅವಳ ತಲೆಯ ಮೇಲೆ ಒಂದು ಸಲ ನನ್ನ ಪರವಾಗಿ ಕೈಯಿಡು.

ಇಂತಿ ನಿನ್ನ ತಂಗಿ,
ನೀನು ಕರೆಯುತ್ತಿದ್ದ ಹಾಗೆ,
ಸೂಜಿ

ತಾ.ಕ. ಗುರುವಾರ.

ಕಾಗದ ಎರಡು ದಿನ ಮಿಷನ್ನಿನ ಡ್ರಾಯರಿನಲ್ಲೇ ಇತ್ತು. ಕೈಕುಲುಕಲು ನೀನು ಬಂದರೂ ಸಿಟ್ಟಿನಲ್ಲೇ ಬರುತ್ತೀಯ ಅನ್ನಿಸಿ ಪೋಸ್ಟಿಗೆ ಹಾಕಲು ಆಗಲಿಲ್ಲ. ಅದಕ್ಕೆ ಇದನ್ನೂ ಬರೆಯುತ್ತೇನೆ.

ಅವತ್ತು ಇವರು "ಬೀಳಲ್ಲ" ಅನ್ನಲಿಲ್ಲ ಅಣ್ಣಾ. ನನ್ನನ್ನು ನಿನ್ನ ಕೋಣೆಗೆ ಕಳಿಸುವಾಗ ಅಂದದ್ದು ಇಷ್ಟು: "ಭಾವ ದೊಡ್ಡವನು, ನಾನೇ ಬೀಳ್ತೀನಿ ಅಂತ ಹೇಳು. ಎಡಗೈ ಸತ್ತೋಗಿದೆ, ಎಡಗಡೆಯಿಂದ ಎತ್ಬೇಡ ಅಂತಾನೂ ಹೇಳು. ಬೇರೆ ಯಾರಿಗೂ ಗೊತ್ತಾಗ್ಬಾರ್ದು, ಕೆಲ್ಸ ಹೋಗತ್ತೆ. ಭಾವಂಗೆ ಮಾತ್ರ."

ಹಿಂದಿನ ವಾರವೇ ನನ್ನ ಟೇಪು ನನಗೆ ಹೇಳಿತ್ತು. ಹದಿನಾರೂವರೆ ಇದ್ದ ಎಡತೋಳು ಹದಿನೈದಕ್ಕೆ ಇಳಿದಿತ್ತು. ಅವತ್ತೂ ಇವರು "ಎಡಗೈ ಬರೀಬೇಡ" ಅಂದಿದ್ದರು. ಮೆಟ್ಟಿಲು ದಾಟಿ ನಿನ್ನ ಬಾಗಿಲಿಗೆ ಬರುವಷ್ಟರಲ್ಲಿ ನನಗೆ ಹೆದರಿಕೆ ಹತ್ತಿತು. ಸಾವಿರಾರು ಜನ ಕೂಗುತ್ತಿರುತ್ತಾರೆ, ನೀನು ಇವರನ್ನು ತಲೆಯ ಮೇಲಕ್ಕೆ ಎತ್ತುತ್ತೀಯ, ಆ ಗದ್ದಲದಲ್ಲಿ ಎಡ ಯಾವುದು ಬಲ ಯಾವುದು ಅಂತ ನಿನಗೆ ನೆನಪಿರುತ್ತದಾ? ಈ ಕುಸ್ತಿಯೇ ನಿಂತುಹೋದರೆ ಇವರು ಉಳಿದರು ಅಂದುಕೊಂಡೆ. ನಿನ್ನ ಸಿಟ್ಟು ನನಗೆ ಗೊತ್ತಿತ್ತು. ಒಂದೇ ಪದ ಸಾಕಾಯಿತು. ವಾಪಸು ಬಂದು ಇವರಿಗೆ "ಅಣ್ಣ ಒಪ್ಪಲಿಲ್ಲ" ಅಂದೆ. ಅದೂ ಒಂದೇ ಮಾತು.

ಎರಡು ತಿಂಗಳಿಗೆ ಮಾಲೀಕರು ಇವರನ್ನು ಆ ಮುಖವಾಡದವನ ಎದುರು ಇಳಿಸಿದರು. ಕೈ ವಿಷಯ ಅವನಿಗೆ ಇವರು ಹೇಳಲಿಲ್ಲ. ನೀನಾಗಿದ್ದರೆ ಹೇಳುತ್ತಿದ್ದರು. ಅವನು ಎಡಗಡೆಯಿಂದ ಎತ್ತಿದ.

ನಿನ್ನ ಕೈಯಿಂದ ತಪ್ಪಿಸಿ ಇವರನ್ನು ನಾನು ಅವನ ಕೈಗೆ ಕೊಟ್ಟೆ. ಇವರಿಗೆ ಇದನ್ನು ಹೇಳಿಲ್ಲ. ಹೇಳಿದರೂ ನಾಳೆಗೆ ಮರೆಯುತ್ತಾರೆ, ನಾಳೆ ಮತ್ತೆ ಹೇಳಬೇಕು, ನಾಡಿದ್ದು ಮತ್ತೆ. ನನ್ನ ಮುಖ ನೋಡಲು ನಿನಗೆ ಇಷ್ಟವಿಲ್ಲದಿದ್ದರೆ ಮೂವತ್ತನೇ ತಾರೀಕು ನಾನು ಹೊರಗೇ ನಿಲ್ಲುತ್ತೇನೆ. ಇವರ ಷೂ ಲೇಸು ಮಾತ್ರ ನೀನು ಕಟ್ಟಬೇಕಾಗುತ್ತದೆ, ಇವರಿಗೆ ಆಗುವುದಿಲ್ಲ.

ಇಷ್ಟು ಬರೆದು ಲಕೋಟೆಗೆ ಅಂಟು ಹುಡುಕುತ್ತಿದ್ದೆ. ಇವರು ಬಂದು ಮಿಷನ್ನಿಗೆ ಒರಗಿ ನಿಂತು ಕೇಳಿದರು, "ಭಾವಂಗೆ ಹೇಳ್ದ್ಯಾ?"

"ಹೇಳ್ದೆ" ಅಂದೆ.

"ಎಡಗೈದು?"

"ಅದನ್ನೂ ಹೇಳ್ದೆ."

"ಏನಂದ?"

ಇನ್ನೂ ಇಲ್ಲೇ ನಿಂತಿದ್ದಾರೆ ಅಣ್ಣಾ.