ನಾಕಾ ಸುಟ್ಟ ಮ್ಯಾಲೆ

ಭವಾನಿ ಪೇಠ, ಪುಣೆ
೧೯ ಡಿಸೆಂಬರ್ ೧೯೪೭, ಶುಕ್ರವಾರ

ಪ್ರೀತಿಯ ಈರಣ್ಣಗ,

ನಿನ್ನ ತಮ್ಮ ಕಾಂತಪ್ಪನ ನಮಸ್ಕಾರ. ಹೆಂಗಿದ್ದೀ? ಥಂಡಿಜ್ವರ ಬಿಟ್ಟಿತೋ ಇಲ್ಲೋ? ಗಡಿ ಕ್ಯಾಂಪಿನ್ಯಾಗ ಬರೀ ನೆಲದ ಮ್ಯಾಲೆ ಮಲಗತೀ ಅಂತ ಕೇಳಿದಾಗಿಂದ ಅವ್ವನ ಜೀವ ಅಲ್ಲಿ ಗದಗಿನ್ಯಾಗ ಹೊಯ್ದಾಡಲಿಕ್ಕೆ ಹತ್ತೇದ. ಸೋದರಮಾವನ ಮನ್ಯಾಗ ಅಕಿಗೆ ಏನೂ ಕಡಿಮಿ ಇಲ್ಲ, ಆದರ ಊಟಕ್ಕ ಕುಂತಾಗೊಮ್ಮೆ ನಿನ್ನ ಹೆಸರು ತಗದು ತಾಟು ಸರಸತಾಳಂತ. ನಿನಗ ಒಂದು ರಗ್ಗು, ಕ್ವಿನೈನ್ ಗುಳಿಗಿ ಕಳಸೇನಿ. ಕಹಿ ಅಂತ ಉಗುಳಬ್ಯಾಡ. ಸಣ್ಣಾವ ಇದ್ದಾಗ ಅವ್ವ ಬೆಲ್ಲದಾಗ ಮುಚ್ಚಿ ಕೊಟ್ಟ ಔಷಧಾನೂ ನೀ ನಾಲಿಗಿಯಿಂದ ಹುಡುಕಿ ತಗದು ಉಗುಳತಿದ್ದಿ, ಬೆಲ್ಲಾ ಮಾತ್ರ ನುಂಗತಿದ್ದಿ. ಈ ಪತ್ರಾ ಟಪಾಲಿಗೆ ಹಾಕಿಲ್ಲ. ಸಿದ್ರಾಮಪ್ಪನವರು ರವಿವಾರ ಪೇಠದ ತಮ್ಮ ಅರಿವಿ ಅಂಗಡಿ ಮುಚ್ಚಿ ನಿಮ್ಮ ಕ್ಯಾಂಪಿಗೆ ಕಂಬಳಿ ಒಯ್ಯತಾರ, ಅವರ ಕೈಯಾಗ ಕೊಟ್ಟೇನಿ. ಮಂದಿ ನಡುವ ಕುಂತು ಓದಬ್ಯಾಡ. ಒಬ್ಬನ ಓದು.

ನನ್ನ ಓದು ಎಲ್ಲಿಗೆ ಬಂತು ಅಂತ ಕೇಳಿ ಕಳಿಸಿದ್ದಿ. ಮಾರ್ಚಿನ್ಯಾಗ ಎಂ.ಎ. ಪರೀಕ್ಷಾ ಅದ. ರಾಷ್ಟ್ರ-ರಾಷ್ಟ್ರಗಳ ಸಂಬಂಧ, ಒಪ್ಪಂದ, ಯುದ್ಧದ ಕಾಯದೆ, ಇದನ್ನ ಓದಲಿಕ್ಕೆ ಹತ್ತೇನಿ. ಭಾದ್ರಪದದಾಗ ನಮ್ಮೂರು ಬಿದರಗಟ್ಟಿಗೆ ನಿಜಾಮನ ರಜಾಕಾರರು ಬಂದು ನಮ್ಮ ಬಣವಿಗೆ ಬೆಂಕಿ ಹಚ್ಚಿ, ಆರಿಸಲಿಕ್ಕೆ ಓಡಿದ ಅಪ್ಪನ ಬೆನ್ನಾಗ ಕೊಡ್ಲಿ ಇಳಿಸಿದರು. ನಾ ಇಲ್ಲಿಂದ ಹೋಗಿ ಮುಟ್ಟೋದರಾಗ ಮಣ್ಣು ಆಗಿತ್ತು. ಆ ಹಸೀ ಮಣ್ಣಿನ ಮುಂದ ನಿಂತು ನೀ ಅಂದದ್ದು ನನಗ ಮರತಿಲ್ಲ: 'ಅವರು ಕೊಡ್ಲಿ ಎತ್ತಿದಾಗ ನೀ ಒಪ್ಪಂದದ ಕಾಗದಾ ತೋರಸ್ತಿದ್ದೇನೋ?' ನೀ ಹಂಗ ಗಡಿ ದಾಟಿ ನಿಜಾಮನ ವಿರುದ್ಧ ಹೊಡದಾಡೋರ ಕ್ಯಾಂಪು ಸೇರಿದಿ, ನಾನೂ ಬರತೇನಿ ಅಂದೆ. ಅವ್ವ ನನ್ನ ರಟ್ಟಿ ಹಿಡದು, 'ಒಬ್ಬಾವರೆ ಓದಿ ಉಳೀಲಿ' ಅಂದಳು. ಹಿಂಗಾಗಿ ನಾ ಇಲ್ಲಿ ಬಂದು ಪುಸ್ತಕಾ ಹಿಡದು ಕುಂತೆ.

ನನ್ನ ಖೋಲಿಯೊಳಗ ಜೋಡಿಗಿರೋ ಇಮಾಮುದ್ದೀನನ ಬಗ್ಗೆ ನಿನಗ ಹಿಂದ ಒಮ್ಮೆ ಹೇಳಿದ್ದೆ. ಅವನೂ ನಮ್ಮ ನಿಜಾಮ ಸೀಮಿಯವನ, ಹುಲಿಹೊಂಡದ ಹುಡುಗ. ಅವರಪ್ಪ ಹುಸೇನಸಾಹೇಬರು ಸುಂಕದ ನಾಕಾದಾಗ ಕಾರಕೂನ. ಇಬ್ಬರೂ ಒಂದ ವರ್ಗ, ಒಂದ ವಿಷಯ. ಅಂತರರಾಷ್ಟ್ರೀಯ ಕಾಯದೆಯ ದಪ್ಪ ಪುಸ್ತಕ ಕಾಲೇಜಿನ್ಯಾಗ ಒಂದ ಅದ. ಅದನ್ನ ಅವ ದನಿ ತಗದು ಓದತಾನ, ನಾ ಇದ್ದಲಿ ಸಿಗಡಿ ಮ್ಯಾಲೆ ರೊಟ್ಟಿ ಬಡಕೋತ ಕೇಳತೇನಿ. ದಸರಾ ಸೂಟಿ ಮುಗದ ಮ್ಯಾಲೆ ನಮ್ಮ ಪ್ರಾಧ್ಯಾಪಕರು ನಮ್ಮಿಬ್ಬರಿಗೂ ಒಂದು ವಾದ ಕೊಟ್ಟರು, ಬೇಕಂತನ ಉಲ್ಟಾ ಕೊಟ್ಟರು. ಹೈದರಾಬಾದು ಸ್ವತಂತ್ರ ರಾಷ್ಟ್ರ ಆಗಬಹುದು ಅಂತ ನಾ ವಾದಿಸಬೇಕು, ಆಗೂದಿಲ್ಲ ಅಂತ ಅವ. ನಾ ಅಪ್ಪನ್ನ ನೆನಸಿಕೊಂಡು ತಡವರಿಸಿದೆ. ಅವ ಎದ್ದು ನಿಂತು ನನ್ನ ಮಾರಿ ನೋಡಿಕೋತನ ಅಂದ: 'ಹೊಲದಾಗ ದುಡಿಯೋ ರೈತನ ಬೆನ್ನು ಕಾಯಲಾರದವಗ ಇದು ನನ್ನ ರಾಷ್ಟ್ರ ಅನ್ನೋ ಹಕ್ಕು ಎಲ್ಲಿಂದ ಬರತದ?' ವರ್ಗ ಎಲ್ಲಾ ಚಪ್ಪಾಳಿ ಬಡೀತು. ಅಪ್ಪ ಸತ್ತ ಸುದ್ದಿ ಬಂದಾಗ ನನ್ನ ಗಾಡಿ ಹತ್ತಿಸಿದಾವ ಅವನ, ಹಾದ್ಯಾಗ ಉಣ್ಣಲಿಕ್ಕೆ ಬುತ್ತಿ ಕಟ್ಟಿಕೊಟ್ಟಾವನೂ ಅವನ. ಇಷ್ಟು ತಿಳಕೊಂಡು ಮುಂದ ಓದು, ಅಣ್ಣಾ.

ಹೋದ ವಾರ ಸಿದ್ರಾಮಪ್ಪನವರು ನಿಮ್ಮ ಕಡಿಂದ ಬಂದಾಗ ನಮ್ಮ ಸೀಮಿಯ ಹುಡುಗರೆಲ್ಲಾ ನಮ್ಮ ಖೋಲಿಯೊಳಗ ಕೂಡಿದ್ದರು. ಅವರ ಮುಂದಾಳು ಶಿವಪ್ಪ ಅಂತ, ವಕೀಲಿ ಓದತಾನ. ನಿಮಗ ಅರಿವಿ, ಔಷಧಾ ಕೂಡಿಸಿ ಕಳಿಸಾವ ಅವನ. ಸಿದ್ರಾಮಪ್ಪನವರು ಕಾಲಾಗಿನ ಜ್ವಾಡು ಬಿಡೂದರಾಗ ಹೇಳಿದರು: 'ನಿಮ್ಮ ಈರಣ್ಣನ ಮಂದಿ ಕಲ್ಗುಡಿ ನಾಕಾ ಸುಟ್ಟು ಬೂದಿ ಮಾಡ್ಯಾರ್ರಿ. ಒಳಗಿದ್ದವರು ಒಳಗ ಸತ್ತು ಹ್ವಾದರು.' ಖೋಲಿ ಕುಣದಾಡಿತು. ನನಗೂ ಎದಿ ಉಬ್ಬಿತು, ಸುಳ್ಳ್ಯಾಕ ಹೇಳಲಿ? ಆ ಸುಂಕದ ಕಟ್ಟಿ ಮುಂದ ಅಪ್ಪ ಗಾಡಿ ನಿಲ್ಲಿಸಿ ಕೈಮುಗದು ನಿಂತದ್ದು ನಾನೂ ನೋಡೇನಿ. ಶಿವಪ್ಪ ಪೇಢೆ ತರಿಸಿ ಎಲ್ಲಾರ ಬಾಯಾಗ ಇಟ್ಟ. ಆಮ್ಯಾಲೆ ಮೂಲ್ಯಾಗ ಕುಂತ ಇಮಾಮನ ಮುಂದ ಹೋಗಿ, 'ತಿನ್ನೋ, ನೀನೂ ನಮ್ಮವನ ಹೌದೋ ಅಲ್ಲೋ ನೋಡೂಣು' ಅಂದ. ಇಮಾಮ ಒಂದು ಸಲ ನನ್ನ ಕಡೆ ನೋಡಿ ಪೇಢೆ ತಗೊಂಡು ತಿಂದ. ಅವರಪ್ಪ ಕಲ್ಗುಡಿಯಿಂದ ಭಾಳ ದೂರದ ಬ್ಯಾರೆ ನಾಕಾದಾಗ ಇದ್ದಾರಂತ ಅವನೂ ತಿಳದಿದ್ದ, ನಾನೂ ತಿಳದಿದ್ದೆ.

ಮರುದಿನ ಮಧ್ಯಾಹ್ನ ತಾರು ಬಂತು. ಹುಸೇನಸಾಹೇಬರು ಕಲ್ಗುಡಿ ನಾಕಾದಾಗ ಸತ್ತರಂತ. ಅಲ್ಲಿಗೆ ಬದಲಿ ಆಗಿ ಇನ್ನೂ ಪೆಟ್ಟಿಗಿ ಸೈತ ಬಿಚ್ಚಿರಲಿಲ್ಲಂತ. ಇಮಾಮ ಓದಿ, ಮಡಚಿ, ಮತ್ತ ಬಿಚ್ಚಿ ಓದಿದ. ನನಗ ಕೇಳಿದ: 'ಕಾಂತ್ಯಾ, ಕಲ್ಗುಡಿ ಸುಟ್ಟಾವ ನಿಮ್ಮಣ್ಣ ಅಲ್ಲೇನು?' ಹೌದು ಅಂದೆ. ಮತ್ತೇನಂತ ಅನ್ನಲಿ? ಸಿಗಡಿ ಹಂತೇಕ ಬಿದ್ದಿದ್ದ ಕಬ್ಬಿಣದ ಊದುಗೊಳವಿ ಎತ್ತಿ ನನ್ನ ಬಾಯಿ ಮ್ಯಾಲೆ ಹೊಡದ. ಹಲ್ಲು ಮುರದು ನಾಲಿಗಿ ಮ್ಯಾಲೆ ಬಂದದ್ದು ಗೊತ್ತಾತು. ಹೆಗಲಿಗೆ ಹೊಡದ, ಪಕ್ಕಡಿಗೆ ಹೊಡದ. ನಾ ಕೈ ಎತ್ತಲಿಲ್ಲ. ದೊಡ್ಡ ಮನಸು ಅಂತ ಅಲ್ಲ, ಕೈ ಏಳಲಿಲ್ಲ ಅಷ್ಟ. ನನ್ನ ರಕ್ತಾ ಅವನ ಅಂಗಿ ಮ್ಯಾಲೆ ಸಿಡದಾಗ ಅವ ಕೊಳವಿ ಒಗದು ಬಚ್ಚಲಕ್ಕ ಓಡಿದ. ಗಂಟಲದಾಗ ಬೆರಳು ಹಾಕಿ ಹಾಕಿ ಕಾರಿದ. ಹೊಟ್ಟ್ಯಾಗ ಏನೂ ಉಳೀದಿದ್ದರೂ ಬೆರಳು ತಗೀಲಿಲ್ಲ. ನಾ ಹೋಗಿ ಅವನ ಹಣಿ ಹಿಡಕೊಂಡೆ. 'ನಾ ತಿಂದೆ, ಕಾಂತ್ಯಾ. ಪೇಢೆ ತಿಂದೆ ನಾ' ಅಂತ ಅಂದದ್ದ ಅಂದ.

ಮನಿ ಮಾಲಕಿ ರಂಗೂಬಾಯಿ ನನ್ನ ಮಾರಿ ನೋಡಿ ಹೌಹಾರಿ, ನಳದ ಮುಂದ ನಿಂತು ಓಣಿಗೆಲ್ಲಾ ಹೇಳಿಬಿಟ್ಟಳು. ಆ ಮುದುಕಿ ಮನಸಿನ್ಯಾಗ ಕೆಟ್ಟದ್ದಿಲ್ಲ, ಬಾಯಿ ಮಾತ್ರ ನಿಲ್ಲೂದಿಲ್ಲ. ಮರುದಿನ ಮುಂಜಾನೆ ಶಿವಪ್ಪ ಹುಡುಗರನ್ನ ಕಟಗೊಂಡು ಬಂದ. 'ಈರಣ್ಣನ ತಮ್ಮನ ಮೈ ಮುಟ್ಟಿದಾವ ಎಲ್ಲಿ?' ಅಂದ. ಮೆಟ್ಟಲದ ಮ್ಯಾಲೆ ಜಾರಿ ಬಿದ್ದೆ ಅಂತ ನಾ ಹೇಳಿದ್ದನ್ನ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಮಾಮನ ಕೂದಲಾ ಹಿಡದು ಮೆಟ್ಟಲದಿಂದ ದರದರ ಎಳದರು. ಒಂದೊಂದು ಮೆಟ್ಟಲಕ್ಕೂ ಅವನ ತಲಿ ಬಡದ ಸಪ್ಪಳಾ ಕೇಳಿದೆ. ಓಣ್ಯಾಗ ಕೆಡವಿ ಹಾಕಿ ಸ್ಟಿಕ್ಕಿನಿಂದ, ಸೈಕಲ್ ಚೈನಿನಿಂದ ಬಡದರು. ಅವ ಯಾರ ಮ್ಯಾಲೂ ಕೈ ಮಾಡಲಿಲ್ಲ, ಬರೇ ಮಾರಿ ಮುಚ್ಚಿಕೊಂಡಿದ್ದ. ಯಾರೋ 'ರಜಾಕಾರ' ಅಂತ ಒದರಿದರು. ಆ ಶಬ್ದ ಕೇಳಿದ್ದ ತಡ, ಅವನ ಗುರುತಿಲ್ಲದ ಮಂದಿನೂ ಅಂಗಡಿ ಬಿಟ್ಟು ಬಂದರು. ಪಂಜಾಬಿನಿಂದ ಎಲ್ಲಾ ಕಳಕೊಂಡು ಬಂದು ಇದ ಓಣ್ಯಾಗ ಕಾಲು ಊರಿದ ಒಬ್ಬ ಮುದುಕ ಅಳಕೋತನ ಕಲ್ಲು ಎತ್ತಿ ಹಾಕಿದ. ಚೈನು ಇಮಾಮನ ಬೆರಳ ಸಂದಿಯಿಂದ ಒಳಗ ಹೋಗಿ ಎಡಗಣ್ಣು ಒಡೀತು.

ನಾ ಬಾಗಲದ ಅಡ್ಡಗೋಲು ಕಿತ್ತುಕೊಂಡು ಇಳದೆ. ಮೊದಲನೇ ಏಟು ಶಿವಪ್ಪನ ಮೊಣಕೈಗೆ ಬಿತ್ತು, ಎಲವು ಮುರದದ್ದು ನನ್ನ ಅಂಗೈಗೆ ತಿಳೀತು. ಅವ ಬಿದ್ದ. ಬಿದ್ದಾವನ್ನ ಮತ್ತ ಹೊಡದೆ. ಇನ್ನೊಮ್ಮೆ ಎತ್ತಿದ್ದೆ, ತಲಿಗೇ ಎತ್ತಿದ್ದೆ, ರಂಗೂಬಾಯಿ ನನ್ನ ಕೈಗೆ ಜೋತು ಬಿದ್ದು 'ಪುರೇ, ಪುರೇ! ಮರೇಲ ತೋ!' ಸಾಕು, ಸಾಯತಾನ ಅವ, ಅಂತ ಮರಾಠಿಯೊಳಗ ಚೀರಿದಳು. ಅಕಿ ಬರದಿದ್ದರ ಅವ ಸಾಯತಿದ್ದ. ಅಣ್ಣಾ, ಆ ಹೊತ್ತಿನ್ಯಾಗ ನನ್ನ ಮೈಯಾಗ ಒಂದು ಸುಖಾ ಹರೀತು. ಅಪ್ಪ ಸತ್ತಾಗಿಂದ ಹಂತಾ ಸುಖಾ ನನಗ ಸಿಕ್ಕಿರಲಿಲ್ಲ. ಅದನ್ನ ನೀ ಬಲ್ಲಿ, ನಿನಗ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ದಿನಾ ನಿನ್ನ ಕೈ ಬ್ಯಾರೆ, ನನ್ನ ಕೈ ಬ್ಯಾರೆ ಅಂತ ತಿಳಕೊಂಡಿದ್ದೆ.

ಈಗ ಇಬ್ಬರೂ ದವಾಖಾನಿಯ ಒಂದ ವಾರ್ಡಿನ್ಯಾಗ ಇದ್ದಾರ, ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ. ಶಿವಪ್ಪನ ಕೈ ಉಳೀತದ, ನೆಟ್ಟಗ ಆಗೂದು ಮಾತ್ರ ಕಠಿಣ ಅಂತಾರ. ನಾ ಹಾಲು ಒಯ್ದರ ಲೋಟಾ ಎತ್ತಿ ಒಗೀತಾನ, 'ಅಪ್ಪನ್ನ ಕೊಂದವರ ಬೂಟು ನೆಕ್ಕು ಹೋಗು' ಅಂತಾನ. ಇಮಾಮನ ಕಣ್ಣು ತಗದು ಹಾಕ್ಯಾರ. ಪೊಲೀಸರು ಬಂದು ಕೇಳಿದರ ಯಾರ ಮಾರಿನೂ ನೋಡಿಲ್ಲ ಅಂದ. ಯಾಕ ಹಂಗಂದಿ ಅಂತ ಕೇಳಿದೆ. 'ಮೊದಲಿಂದ ಹೇಳು ಅಂತಾರ, ಕಾಂತ್ಯಾ. ಮೊದಲಿಂದ ಅಂದರ ಎಲ್ಲಿಂದ ಹೇಳಲಿ?' ಅಂದ. ನಮ್ಮ ಪ್ರಾಧ್ಯಾಪಕರು ಹಣ್ಣು ತಗೊಂಡು ಬಂದಿದ್ದರು. ಒಳ್ಳೆಯವರು, ಕಣ್ಣಾಗ ನೀರು ತಂದರು. ಹೋದ ತಿಂಗಳ ದಿಲ್ಲಿಗೂ ಹೈದರಾಬಾದಿಗೂ ಯಥಾಸ್ಥಿತಿ ಒಪ್ಪಂದ ಆಗೇದ, ಒಂದು ವರ್ಷ ಶಾಂತಿ ಇರತದ, ನೀ ಪರೀಕ್ಷಾ ಬಿಡಬ್ಯಾಡ ಅಂದರು. ಇಮಾಮ ಭಾಳ ಮರ್ಯಾದಿಲೆ ಅಂದ: 'ಆ ಒಪ್ಪಂದ ಇನ್ನೂ ಕಲ್ಗುಡಿ ದಾರಿಗೆ ಬಂದು ಮುಟ್ಟಿಲ್ಲ ಸರ್.'

ನೀ ನಾಕಾಕ್ಕ ಬೆಂಕಿ ಇಟ್ಟದ್ದು ಒಪ್ಪಂದಕ್ಕ ಸಹಿ ಬಿದ್ದ ಮ್ಯಾಲೆ. ಅದನ್ನ ನಾ ತಪ್ಪು ಒಪ್ಪು ಅಂತ ತೂಗಿ ನಿನಗ ಪಾಠ ಹೇಳಲಿಕ್ಕೆ ಕುಂತಿಲ್ಲ. ಅಪ್ಪನ ಬೆನ್ನಿನ ಗಾಯಾ ತೊಳದಾವ ನೀನು, ನಾನಲ್ಲ. ಆದರ ಕಲ್ಗುಡಿಯೊಳಗ ಸತ್ತವರಿಗೆ ಹೆಸರಿತ್ತು, ಅದು ನಿನಗ ಗೊತ್ತಿರಲಿ ಅಂತ ಬರದೆ. ಹುಸೇನಸಾಹೇಬರು ಹೋದ ವರ್ಷ ಮಗನ್ನ ನೋಡಲಿಕ್ಕೆ ಪುಣೆಗೆ ಬಂದಾಗ ನನಗೂ ಒಂದು ಜೋಡು ಚಪ್ಪಲಿ ತಂದಿದ್ದರು. ಅಳತಿ ಹೆಂಗ ಗೊತ್ತಾತ್ರಿ ಅಂದರ, 'ಇಬ್ಬರೂ ಒಬ್ಬರ ಚಪ್ಪಲಿ ಒಬ್ಬರು ಮೆಟ್ಟತೀರಿ ಅಂತ ಇಮಾಮ ಬರದಿದ್ದ' ಅಂತ ನಕ್ಕಿದ್ದರು.

ಅವ್ವಗ ಇದ್ಯಾವುದೂ ತಿಳೀಬಾರದು. ನನ್ನ ಹಲ್ಲಿನ ಬಗ್ಗೆ ಏನರೆ ಒಂದು ಸುಳ್ಳು ಹುಡುಕತೇನಿ. ನಿಮ್ಮ ತುಕಡಿಯ ಸುಬ್ಬಯ್ಯ ಕಾಕಾಗ, ಅಡಗಿ ಮಾಡೋ ರಾಘಣ್ಣಗ ನನ್ನ ಶರಣು ಹೇಳು. ಗುಳಿಗಿ ನುಂಗು, ಕಾಲು ಬೆಚ್ಚಗ ಇಟಗೊಂಡು ಮಲಗು. ಬಸವಣ್ಣ ನಿನ್ನ ಕಾಯಲಿ.

ನಿನ್ನ ತಮ್ಮ,
ಕಾಂತಪ್ಪ

ತಾ.ಕ.: ಸಿದ್ರಾಮಪ್ಪನವರು ಟಾಂಗಾ ನಿಲ್ಲಿಸಿಕೊಂಡು ಕೂಗಲಿಕ್ಕೆ ಹತ್ಯಾರ, ಜಲ್ದಿ ಬರೀತೇನಿ. ರವಿವಾರದ ಗಾಡಿಗೆ ಇಮಾಮನ್ನ ಕರಕೊಂಡು ಹೊರಡತೇನಿ. ದವಾಖಾನಿಯವರು ಬ್ಯಾಡ ಅಂದರು, ಅವ ಕೇಳವಲ್ಲ. ಹುಲಿಹೊಂಡದಾಗ ಅವರವ್ವ ಒಬ್ಬಾಕಿನ ಇದ್ದಾಳ. ಗದಗಿನಿಂದ ಬಾಡಿಗಿ ಗಾಡಿ ಹೂಡಿಕೊಂಡು ಮಂಗಳವಾರ ಮುಂಜಾನೆ ಕಲ್ಗುಡಿ ಹಾದಿ ಹಿಡೀತೇವಿ. ನಾ ಗಾಡಿ ಮೂಕಿ ಮ್ಯಾಲೆ ಮುಂದ ಕುಂತಿರತೇನಿ, ನಿನ್ನ ಮಂದಿಗೆ ಹೇಳಿರು. ಆ ಕಡೆ ರಜಾಕಾರರು ನನ್ನ ತಡದರ ಅವ ಮಾತಾಡತಾನ, ಈ ಕಡೆ ನೀನು. ನಾಕಾದ ಮುಂದ ಒಬ್ಬನ ಬಾ, ಬಂದೂಕು ಬಿಟ್ಟು ಬಾ. ಅವ ನಿನಗ ಏನೂ ಮಾಡೂದಿಲ್ಲ. ನಿನ್ನ ಬಾಯಿಂದ ಒಂದ ಮಾತು ಕೇಳಬೇಕಂತ: ನೀವು ಬೆಂಕಿ ಹಚ್ಚಿದಾಗ ಅವರಪ್ಪನ ಜೀವ ಹೋಗಿತ್ತೋ, ಇನ್ನೂ ಇತ್ತೋ. ನೀ ಇದ್ದದ್ದು ಇದ್ದಂಗ ಹೇಳು. ಸುಳ್ಳು ಹೇಳಿದರ ನನಗ ತಿಳೀತದ, ಅಣ್ಣಾ, ನಾ ಅವನ ಬಾಜೂಕ ನಿಂತಿರತೇನಿ.